ಇಟ್ಟಿಗೆಗೂ ಮರಕ್ಕೂ ನಡುವಿನ ಸಂದು

ಮನೆಯ ಮುಂಗೋಡೆಯೇ ಮನೆಯನ್ನು ಬಿಟ್ಟು ಬೀದಿಯತ್ತ ಹೊರಟರೆ ಅಧಿಕಾರಿಗಳು ಏನು ಮಾಡಿಯಾರು? ಊಹಿಸಿ ನೋಡೋಣ. ಗೋಡೆಯನ್ನು ಎಳೆದು ಕಟ್ಟಿಯಾರು ಅಂದಿರಾ? ನೀವು ಕಚೇರಿಯ ಮೆಟ್ಟಿಲು ಹತ್ತಿದವರಲ್ಲ ಬಿಡಿ.

ಸಫೋಕ್ ಸೀಮೆಯ ಥಾರ್ನ್‌ಹಿದ್ ಪೇಟೆಯಲ್ಲಿ ವಿಧವೆ ಹೆಸ್ಟರ್ ಪಾಮ್‌ಫ್ರಿಯ ಮನೆ ಒಳಗೆಲ್ಲ ನಾನೂರು ವರ್ಷದ ಓಕ್ ಮರದ ಚೌಕಟ್ಟು. ಬೀದಿಗೆ ಕಾಣುವಷ್ಟು ಮಾತ್ರ ಕೆಂಪು ಇಟ್ಟಿಗೆ. ಇನ್ನೂರು ವರ್ಷದ ಹಿಂದೆ ಒಬ್ಬ ಉಣ್ಣೆ ವ್ಯಾಪಾರಿ, ಮರದ ಮನೆಯೆಂದರೆ ಹಳೇ ಕಾಲದ್ದೆಂದು ನಾಚಿ, ಇಟ್ಟಿಗೆಯ ಮುಖವೊಂದನ್ನು ಅಂಟಿಸಿದ್ದ. ಸಾಲು ಸರಿಹೋಗಲೆಂದು ಎರಡು ಸುಳ್ಳು ಕಿಟಕಿ ಬೇರೆ. ಮೇಲೆ ಥಳುಕು, ಒಳಗೆ ಹುಳುಕು! ಆ ಮುಖ ಈಗ ಮರದಿಂದ ಬಿಟ್ಟುಕೊಂಡು ಒಂದು ಗೇಣು ಮುಂದಕ್ಕೆ ವಾಲಿತ್ತು. ಸಂದಿನಲ್ಲಿ ಬಿದ್ದ ಮಳೆ ನೇರ ಹೆಸ್ಟರಳ ಹಾಸಿಗೆಗೆ. ಅವಳು ಕೇಳಿದ್ದು ಒಂದೇ, ಒಣ ಹಾಸಿಗೆ.

ಹಳೇ ಕಟ್ಟಡಗಳನ್ನು ಕಾಯುವ ಪರಂಪರಾ ಕಚೇರಿ ಇಬ್ಬರನ್ನು ಕಳಿಸಿತು: ಮರದ ವಿಭಾಗದ ಲಡ್‌ಗ್ರೋವ್, ಇಟ್ಟಿಗೆ ವಿಭಾಗದ ಪಿಂಚ್‌ಬೆಕ್.

"ಕಬ್ಬಿಣದ ಸಲಾಕೆ ಹಾಕಿ ಗೋಡೇನ ಮರಕ್ಕೆ ಬಿಗಿದುಬಿಡಿ," ಎಂದಳು ಹೆಸ್ಟರ್, ಚಹಾ ಬಗ್ಗಿಸುತ್ತ.

"ನನ್ನ ಮರಕ್ಕೆ ತೂತು ಕೊರೆಯೋ ಹಾಗಿಲ್ಲ, ಮೇಡಂ," ಎಂದ ಲಡ್‌ಗ್ರೋವ್.

"ನನ್ನ ಇಟ್ಟಿಗೆಗೂ," ಎಂದ ಪಿಂಚ್‌ಬೆಕ್.

"ಹಾಗಾದ್ರೆ ಸಂದಿಗೆ ಗಾರೆ ತುಂಬಿ."

ಇಬ್ಬರೂ ತಂತಮ್ಮ ಪಟ್ಟಿ ತೆಗೆದು ಹುಡುಕಿದರು. ಸಂದು ಯಾವ ವಿಭಾಗಕ್ಕೂ ಸೇರಿರಲಿಲ್ಲ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ. ನೆನೆಯೋಳು ನಾನು ಕಣ್ರಯ್ಯಾ!"

ಲಡ್‌ಗ್ರೋವ್ ಮರುಗಿದ. "ಹಾಸಿಗೆ ಯಾವ ಕಾಲದ್ದು, ಮೇಡಂ?"

"ಮದುವೇಲಿ ಅಪ್ಪ ಕೊಟ್ಟಿದ್ದು."

"ಛೆ, ತೀರಾ ಹೊಸದು. ಅದಕ್ಕೆ ರಕ್ಷಣೆ ಸಿಗಲ್ಲ."

ಕೆಲವೇ ದಿನಗಳಲ್ಲಿ ಬಾಗಿಲಿಗೆ ಪ್ರಕಟಣೆ ಬಿತ್ತು: "ಸದರಿ ಸಂದು ಎರಡು ಯುಗಗಳ ನಡುವೆ ಉಳಿದಿರುವ ಏಕೈಕ ಮೂಲ ಖಾಲಿ ಜಾಗವಾದ್ದರಿಂದ ಪ್ರಥಮ ದರ್ಜೆಯ ಸ್ಮಾರಕವೆಂದು ಘೋಷಿಸಲಾಗಿದೆ. ಅದನ್ನು ಮುಚ್ಚುವುದಾಗಲೀ, ಅದರೊಳಗೆ ಮಳೆ ಬೀಳದಂತೆ ತಡೆಯುವುದಾಗಲೀ ಅಪರಾಧ." ಸಂದು ವಿಭಾಗವೂ ಹುಟ್ಟಿತು. ಲಡ್‌ಗ್ರೋವ್‌ಗೆ ಅದರ ಮುಖ್ಯಸ್ಥನಾಗಿ ಬಡ್ತಿಯಾಯಿತು.

"ಸಂದು ದಾಟಿ ಒಳಗೆ ಬಂದ ಮಳೆ?" ಎಂದಳು ಹೆಸ್ಟರ್.

ಅವನು ನಿಯಮ ತಿರುವಿಹಾಕಿದ. "ಅದು ನಿಮ್ಮದೇ, ಮೇಡಂ. ಏನು ಬೇಕಾದ್ರೂ ಮಾಡ್ಕೊಳ್ಳಿ."

ಹೆಸ್ಟರ್ ತೀರಿಹೋದ ಗಂಡನ ದೊಡ್ಡ ಕಪ್ಪು ಕೊಡೆಯನ್ನು ಮಂಚದ ತಲೆಗೆ ಕಟ್ಟಿದಳು. ಹಾಸಿಗೆ ಒಣಗಿತು. ಸಂದು ನೋಡಲು ಊರೂರಿಂದ ಜನ ಬಂದರು. ಪಕ್ಕದ ಮನೆಯ ಬೆರಿಲ್ ಮಂಚದ ಬಳಿ ನಿಂತು ಕಣ್ಣೊರೆಸಿಕೊಂಡಳು. "ನಮ್ಮ ಗೋಡೆ ಒಂಚೂರೂ ಅಲುಗಾಡಲ್ಲ ಕಣೆ. ನಮ್ಮ ಯಜಮಾನ್ರೂ ನೂಕಿ ನೂಕಿ ಸೋತ್ರು."

"ಬೇಜಾರು ಮಾಡ್ಕೋಬೇಡ ಕಣೆ," ಎಂದಳು ಹೆಸ್ಟರ್, ಕೊಡೆಯಡಿ ಚಹಾ ಹೀರುತ್ತ. "ಇದೆಲ್ಲ ಪಡ್ಕೊಂಡು ಬಂದಿರಬೇಕು."

ಅಂದು ೧೯೭೪ರ ಮಾರ್ಚ್ ಹನ್ನೆರಡು, ಮಂಗಳವಾರ.