ಅರವತ್ತನೆಯ ವಿದ್ಯಾರ್ಥಿನಿ

ಬೆಳಗ್ಗೆ ಹತ್ತಕ್ಕೆ ಲಾರಿ ಚಾಲಕನೊಬ್ಬ ಬಂದು, ಬೇರೆ ಊರಲ್ಲಿ ಕೆಲಸ ಸಿಕ್ಕಿತೆಂದು ಶಾಲೆಯಿಂದ ತನ್ನ ಹೆಸರು ತೆಗೆಸಿಕೊಂಡು ಹೋದ. ಗುಮಾಸ್ತ ಅವನಿಗೆ ಶುಭ ಹಾರೈಸಿ, ದಾಖಲಾತಿ ಪುಸ್ತಕದಲ್ಲಿ ಗೆರೆ ಎಳೆದು, ಉಳಿದವರನ್ನು ಎಣಿಸಿದ. ಐವತ್ತೊಂಬತ್ತು!

ಓದು ಅರ್ಧಕ್ಕೆ ಬಿಟ್ಟವರಿಗಾಗಿ ನಡೆಯುತ್ತಿದ್ದ ಪ್ರೌಢಶಾಲೆ ಅದು. ಹದಿನೈದರ ಹುಡುಗಿಯ ಪಕ್ಕದಲ್ಲೇ ನಲವತ್ತೆಂಟರ ಬಡಗಿ ಕೂತು ಬೀಜಗಣಿತಕ್ಕೆ ತಲೆ ಕೆರೆದುಕೊಳ್ಳುತ್ತಿದ್ದ. ಸಂಜೆ ಐದರೊಳಗೆ ಇಲಾಖೆಗೆ ಪಟ್ಟಿ ಹೋಗಬೇಕು. ಅರವತ್ತಕ್ಕೆ ಒಂದು ತಲೆ ಕಡಿಮೆಯಾದರೂ ಶಾಲೆಗೆ ಬೀಗ.

"ಹೋಗಿ, ಯಾರನ್ನಾದ್ರೂ ಒಬ್ರನ್ನ ಕರ್ಕೊಂಡ್ಬನ್ನಿ," ಎಂದರು ಮುಖ್ಯೋಪಾಧ್ಯಾಯಿನಿ, ಸೀಮೆಸುಣ್ಣ ತರಲು ಹೇಳಿದಷ್ಟು ಸಲೀಸಾಗಿ.

ಗುಮಾಸ್ತ ಕ್ಷೌರದಂಗಡಿಗೆ ನುಗ್ಗಿ, ಮುಖದ ತುಂಬ ನೊರೆ ಮೆತ್ತಿಕೊಂಡಿದ್ದವನನ್ನು, "ಸ್ವಾಮಿ, ಹತ್ತನೇ ಕ್ಲಾಸು ಪಾಸಾಗಿದೀರಾ?" ಎಂದು ಕೇಳಿದ. ಆತ ಕಾಲೇಜಿನ ಪ್ರಾಧ್ಯಾಪಕನಾಗಿದ್ದ. ಬೈಸಿಕೊಂಡು ಹೊರಬಿದ್ದವನು ತನ್ನ ಮನೆಯ ಕೆಳಗಿನ ದರ್ಜಿಯ ಬಳಿ ಗೋಳು ತೋಡಿಕೊಂಡ.

"ಅಷ್ಟೇ ತಾನೇ? ನನಗೆ ಬಿಡಿ!" ಎಂದ ದರ್ಜಿ, ಬೀದಿಗೇ ಕೇಳುವಂತೆ ಕೂಗಿದ: "ನಮ್ಮ ಗುಮಾಸ್ತರಿಗೆ ಅರ್ಜೆಂಟಾಗಿ ಒಬ್ರು ಬೇಕಂತೆ! ಹೆಂಗಸಾದ್ರೂ ಸರಿ, ವಯಸ್ಸು ಎಷ್ಟಾದ್ರೂ ಪರವಾಗಿಲ್ವಂತೆ!"

ಸುದ್ದಿ ಮೆಟ್ಟಿಲು ಹತ್ತುವಷ್ಟರಲ್ಲಿ ಅದರ ಬಾಲ ಬೆಳೆದಿತ್ತು. ಗುಮಾಸ್ತ ಮನೆ ಬಾಗಿಲು ತಲುಪಿದಾಗ ಅತ್ತೆ ಪೊರಕೆ ಹಿಡಿದು ನಿಂತಿದ್ದರು.

"ನನ್ನ ಮಗಳು ಕೆಲಸಕ್ಕೆ ಹೋದ ತಕ್ಷಣ ಇನ್ನೊಬ್ಳು ಬೇಕಾದ್ಲಾ ನಿಮಗೆ?"

"ಅಯ್ಯೋ ಅತ್ತೆ, ಶಾಲೆಗೆ! ಓದೋಕೆ!"

ಎರಡೇಟು ಬಿದ್ದ ಮೇಲೆ ವಿಷಯ ಸ್ಪಷ್ಟವಾಯಿತು. ಅತ್ತೆ ಪೊರಕೆ ಕೆಳಗಿಟ್ಟರು. "ಎಂಟನೇ ಕ್ಲಾಸಿಗೇ ಬಿಡಿಸಿಬಿಟ್ರು ನನ್ನ. ಲೆಕ್ಕದಲ್ಲಿ ನಾನೇ ಮೊದಲಿದ್ದೆ," ಎಂದರು. ಆಮೇಲೆ ಸೀರೆ ಬದಲಿಸಲು ಒಳಗೆ ಹೋದರು.

ನಾಲ್ಕೂವರೆಗೆ ಪಟ್ಟಿಯಲ್ಲಿ 'ಅರವತ್ತು ವರ್ಷ ದಾಟಿದವರು' ಎಂಬ ಕಾಲಮಿನಲ್ಲಿ ಮೊಟ್ಟಮೊದಲ ಬಾರಿಗೆ ಸೊನ್ನೆ ಅಳಿಸಿ, ಗುಮಾಸ್ತ ಒಂದು ಎಂದು ಬರೆದ. ಮುಖ್ಯೋಪಾಧ್ಯಾಯಿನಿ ಅತ್ತೆಯ ಕೈಕುಲುಕಿ, ಸಹಿ ಹಾಕಲು ಅರ್ಜಿಯ ಹಾಳೆ ತಿರುವಿದರು. ತಿರುವಿದವರು ಹಿಂಬದಿಯ ನಿಯಮವೊಂದರ ಮೇಲೆ ಬೆರಳಿಟ್ಟು ಅಲ್ಲೇ ನಿಂತರು.

"ಇವರು ನಿಮಗೆ ಏನಾಗ್ಬೇಕು?"

"ಅತ್ತೆ. ಹೆಂಡತಿಯ ತಾಯಿ."

"ಸಿಬ್ಬಂದಿಯ ಹತ್ತಿರದ ಸಂಬಂಧಿಕರು ಅದೇ ಶಾಲೇಲಿ ಓದೋ ಹಾಗಿಲ್ವಂತೆ. ಇಬ್ರಲ್ಲಿ ಒಬ್ರು ಬಿಡ್ಬೇಕು."

ಗುಮಾಸ್ತ ಆಸೆಯಿಂದ ಅತ್ತೆಯ ಕಡೆ ನೋಡಿದ. ಅತ್ತೆ ಆಗಲೇ ಪಠ್ಯಪುಸ್ತಕಗಳನ್ನು ಎದೆಗವಚಿಕೊಂಡಿದ್ದರು.

"ಇವರನ್ನ ಬಿಟ್ರೆ ಐವತ್ತೊಂಬತ್ತಾಗುತ್ತೆ," ಎಂದರು ಮುಖ್ಯೋಪಾಧ್ಯಾಯಿನಿ ಮೆಲ್ಲಗೆ. "ಗುಮಾಸ್ತರು ಇಷ್ಟೇ ಜನ ಇರಬೇಕು ಅಂತ ಇಲಾಖೆ ಎಲ್ಲೂ ಹೇಳಿಲ್ಲ."

ಐದಕ್ಕೆ ಐದು ನಿಮಿಷವಿರುವಾಗ ಪಟ್ಟಿ ಹೋಯಿತು, ಜೊತೆಗೆ ಅವನ ರಾಜೀನಾಮೆಯೂ. ಶಾಲೆ ಉಳಿಯಿತು. ಅವನು ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾಗ ಅತ್ತೆ ಮುಖ್ಯೋಪಾಧ್ಯಾಯಿನಿಯನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು:

"ಮೇಡಂ, ನಾನು ಪಾಸಾಗೋವರೆಗೂ ಈ ಗುಮಾಸ್ತರ ಕೆಲಸ ನನಗೇ ಅಂತ ಖಾಲಿ ಇಟ್ಟಿರ್ತೀರಾ?"