ಕನ್ನಡಕ ಒರೆಸುವ ಡಾಕ್ಟರು

ಟೀವಿಯಲ್ಲಿ ಕಂಡವರಿಗೆ ಮನಸ್ಸು ಕೊಡುವುದು ನಮ್ಮ ಮನೆಯಲ್ಲಿ ನಿಲ್ಲುವ ಹಾಗೆ ಕಾಣುವುದಿಲ್ಲ. ಮೊನ್ನೆ ನನ್ನ ಏಳು ವರ್ಷದ ಮಗಳು ಕಾರ್ಟೂನಿನ ಕರಡಿಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳು. ಬೈಯಲು ಬಾಯಿ ತೆರೆದವಳು ನನ್ನ ಚರಿತ್ರೆ ನೆನಪಾಗಿ ಮುಚ್ಚಿಕೊಂಡೆ.

ರಾಜಕುಮಾರನ ಕಜ್ಜಾಯ

ನನಗೂ ಆಗ ಏಳೇ ವರ್ಷ. ರಜಕ್ಕೆ ಹೊಳಲ್ಕೆರೆಯ ಅಜ್ಜಿ ಮನೆಗೆ ಹೋಗಿದ್ದೆ. ಧಾರಾವಾಹಿಯ ರಾಜಕುಮಾರ ಕಾಡುಪಾಲಾಗಿ ಉಪವಾಸವಿದ್ದ. ಅವನು ಉಣ್ಣದೆ ನನಗೂ ಅನ್ನ ಸೇರುತ್ತಿರಲಿಲ್ಲ. ಅಜ್ಜಿ ಕಜ್ಜಾಯ ಮಾಡಿದ ದಿನ ಒಂದನ್ನು ಚೂರು ಮಾಡಿ ಟೀವಿಯ ಹಿಂದಿನ ಸಂದಿಯೊಳಗೆ ತುರುಕಿದೆ. ಮಾರನೇ ದಿನ ಅವನು ನಕ್ಕ. ಡಬ್ಬಿ ಖಾಲಿಯಾಗುವವರೆಗೂ ಹಾಕಿದೆ.

ಟೀವಿ ಕೆಟ್ಟು ಕೂತಿತು. ರಿಪೇರಿಯವನು ಬಿಚ್ಚಿ ಇರುವೆ ಕೊಡವುತ್ತಾ ಅಜ್ಜಿಯನ್ನು ಕೇಳಿದ: “ಯಾವ ಹಬ್ಬಕ್ಕೆ ಎಡೆ ಇಟ್ಟಿದ್ರಿ ಅಜ್ಜಿ ಇದಕ್ಕೆ?”

ಅವ್ವನ ತನಿಖೆ

ಭರಮಸಾಗರದ ನಮ್ಮ ಮನೆಯಿಂದ ದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ವಯಸ್ಸಿಗೆ ರಾಜಕುಮಾರನ ಜಾಗಕ್ಕೆ ಡಾಕ್ಟರು ಬಂದರು. ಎಂಟು ಗಂಟೆಯ ಧಾರಾವಾಹಿಯವರು. ಕೆಟ್ಟ ಸುದ್ದಿ ಹೇಳುವ ಮುಂಚೆ ಕನ್ನಡಕ ತೆಗೆದು ನಿಧಾನಕ್ಕೆ ಒರೆಸುತ್ತಿದ್ದರು. ಹಾಗೆ ಒರೆಸಿ ಹೇಳಿದರೆ ಎಂಥ ಕಾಯಿಲೆಯನ್ನಾದರೂ ಒಪ್ಪಿಕೊಳ್ಳಬಹುದಿತ್ತು. ಬಸ್ಸಿನ ಕಿಟಕಿಗೆ ತಲೆಯಿಟ್ಟರೆ ಸಾಕು, ಕೆರೆ ಏರಿಯ ಮೇಲೆ ಅವರ ಬಿಳಿ ಕಾರು ಬರುತ್ತಿತ್ತು. ಜೋಗಿಮಟ್ಟಿಯ ಮಂಜಿನಲ್ಲಿ ನಾವಿಬ್ಬರೂ ನಡೆಯುತ್ತಿದ್ದೆವು. ಸ್ಟೆತಾಸ್ಕೋಪು ನನ್ನ ಕೊರಳಲ್ಲಿರುತ್ತಿತ್ತು. ಕಾಲೇಜಿನ ಸ್ಟಾಪು ಹಿಂದೆ ಹೋಗಿರುತ್ತಿತ್ತು.

ನಿದ್ದೆಯಲ್ಲೂ “ಡಾಕ್ಟರೇ” ಎನ್ನುತ್ತಿದ್ದೆನಂತೆ. ಊರಲ್ಲಿ ಹೊಸದಾಗಿ ಕ್ಲಿನಿಕ್ ತೆರೆದವರೇ ಇರಬೇಕೆಂದು ಅವ್ವ ಸೀದಾ ಅಲ್ಲಿಗೆ ಹೋಗಿ, “ನಿಮ್ಗೆ ಮದುವಿ ಆಗೈತೇನ್ರಿ?” ಎಂದು ಕೇಳಿಬಿಟ್ಟಳು. ರಿಟೈರಾಗಿ ಬಂದಿದ್ದ ಆ ಹಿರಿಯರು ಅವ್ವನ ನಾಡಿ ಹಿಡಿದು, “ನಂಗೆ ಮೊಮ್ಮಕ್ಕಳವ್ರೆ ಕಣಮ್ಮ. ನಿಮ್ಗೆ ಎಷ್ಟು ದಿನದಿಂದ ಹಿಂಗಾಗ್ತೈತೆ?” ಎಂದರಂತೆ.

ಅರ್ಚನೆ

ಕಥೆಯಲ್ಲಿ ಡಾಕ್ಟರು ಕೋಮಾಕ್ಕೆ ಹೋದರು. ನಾನು ಸೋಮವಾರದ ಒಪ್ಪತ್ತು ಹಿಡಿದು ಅವರ ಹೆಸರಲ್ಲಿ ಅರ್ಚನೆ ಮಾಡಿಸಲು ಹೋದೆ.

“ನಕ್ಷತ್ರ?” ಎಂದರು ಪೂಜಾರಿಗಳು.

“ಗೊತ್ತಿಲ್ಲ ಅಯ್ನೋರೆ.”

“ಹೋಗ್ಲಿ, ತಂದೆ ಹೆಸರು ಹೇಳವ್ವ.”

“ತಂದೆ ಯಾರು ಅಂತ ಅವರ ತಾಯಿ ಇನ್ನೂ ಬಾಯಿ ಬಿಟ್ಟಿಲ್ಲ. ದೀಪಾವಳಿ ಹೊತ್ತಿಗೆ ಗೊತ್ತಾಗ್ಬೋದು.”

ಪೂಜಾರಿಗಳು ನನ್ನನ್ನೊಮ್ಮೆ, ದೇವರನ್ನೊಮ್ಮೆ ನೋಡಿ, ಗಂಟೆಯನ್ನು ಜೋರಾಗಿ ಬಾರಿಸತೊಡಗಿದರು.

ಹಿರಿಯೂರಿನ ಗಂಡು

ಇಷ್ಟೆಲ್ಲ ಮಾಡಿದರೂ ಡಾಕ್ಟರು ಉಳಿಯಲಿಲ್ಲ. ಕೋಮಾದಿಂದ ಎದ್ದವರು ಒಂದು ಶುಕ್ರವಾರ ಕಾರಿನ ಸಮೇತ ಪ್ರಪಾತಕ್ಕೆ ಬಿದ್ದರು. ನಾನು ನಿಜವಾಗಿಯೂ ಅತ್ತುಬಿಟ್ಟೆ. ಆ ಭಾನುವಾರವೇ ನನ್ನನ್ನು ನೋಡಲು ಹಿರಿಯೂರಿನಿಂದ ಗಂಡು ಬರುವುದಿತ್ತು. ಡಾಕ್ಟರ ಹಾಗಿಲ್ಲವೆಂದು ಅದಾಗಲೇ ಮೂವರನ್ನು ಬೇಡವೆಂದಿದ್ದೆ. ಅಪ್ಪನ ಮುಖ ಸಣ್ಣಗಾಗಿತ್ತು. “ಇದೂ ಬ್ಯಾಡ ಅಂದ್ರೆ ನಾನಿನ್ನ ಯಾರ ಮನಿ ಬಾಗ್ಲಿಗೂ ಹೋಗಲ್ಲ ಕಣವ್ವ” ಎಂದಿದ್ದರು.

ಹುಡುಗ ಶಾಲೆಯ ಮೇಷ್ಟ್ರು. ಹಿರಿಯರು ನಮ್ಮಿಬ್ಬರನ್ನೇ ಮಾತಾಡಲೆಂದು ಹಿತ್ತಲಿಗೆ ಕಳಿಸಿದರು.

“ನಿಮ್ ಮನಸ್ನಾಗೆ ಬ್ಯಾರೆ ಯಾರಾದ್ರೂ ಅದಾರೇನ್ರಿ?” ಎಂದು ಅವರು ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. “ಒಬ್ರಿದ್ರು. ತೀರ್ಕಂಡ್ರು.”

ಅವರ ಮುಖ ಬಿಳುಚಿತು. “ಅಯ್ಯೋ, ಯಾವಾಗ?”

“ಮೊನ್ನೆ ಶುಕ್ರವಾರ. ಕಾರು ಪ್ರಪಾತಕ್ಕೆ ಬಿತ್ತು.”

ಅವರು ಮೆಲ್ಲಗೆ ಕೇಳಿದರು: “ಬಿಳಿ ಕಾರೇನ್ರಿ?”

ನಾನು ತಲೆಯೆತ್ತಿದೆ.

“ಪಾಪ, ಅವರ ತಾಯಿ ಗತಿ ಏನು ಅಂತ ನಂಗೂ ಎರಡು ದಿನದಿಂದ ನಿದ್ದೆ ಇಲ್ಲ” ಎಂದವರೇ ಕನ್ನಡಕ ತೆಗೆದು ನಿಧಾನಕ್ಕೆ ಒರೆಸತೊಡಗಿದರು. ಕೆರೆ ಏರಿ, ಮಂಜು, ಕಾರು ಎಲ್ಲ ನಮ್ಮ ಹಿತ್ತಲಿಗೇ ಬಂದು ನಿಂತಂತಾಯಿತು.

ಒಳಗಿನಿಂದ ಅಪ್ಪ ಅಳುಕುತ್ತಾ ಕೂಗಿದರು: “ಮಾತು ಮುಗೀತೇನಪ್ಪ?”

ಅವರು ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಮೇಷ್ಟ್ರು ಕನ್ನಡಕ ಏರಿಸಿ, ದನಿ ಎತ್ತಿ ಹೇಳಿದರು:

“ಇಲ್ಲ ಮಾವ, ಮುಂದುವರಿಯುವುದು!”