ಚೀಲ ಕಟ್ಟಿದ ಹೂಗಳು

ಇಕೋಮೆಯ ಅನ್ನ ನಲವತ್ತು ಗೊಂಚಲು ಕೆಂಪು ಕಾಡುಹೂಗಳ ಮೇಲೆ ನಿಂತಿತ್ತು. ಮೊಗ್ಗಿದ್ದಾಗಲೇ ಅವಕ್ಕೆ ಬಲೆಚೀಲ ಕಟ್ಟಿ ಬೆಟ್ಟದ ಬುಡದಲ್ಲಿ ಬಿಟ್ಟಿದ್ದ. ಮಕರಂದ ಹೀರುವ ಸೂರಕ್ಕಿ ಮುಟ್ಟದಿದ್ದರೂ ಹೂವು ಕಾಯಿ ಕಟ್ಟುತ್ತದೆಯೇ ಎಂಬುದು ಸಸ್ಯವಿಜ್ಞಾನಿ ಡಾಕ್ಟರ್ ಎಬುಡೆ ಮೇಡಂ ಅವರ ಸಂಶೋಧನೆ. ಚೀಲ ಯಾರೂ ಬಿಚ್ಚದಂತೆ ನೋಡಿಕೊಂಡರೆ, ಬುಡದಿಂದ ನೆತ್ತಿಯವರೆಗೆ ಹಕ್ಕಿ ಎಣಿಸುವ ಕೆಲಸ ಇನ್ನೆರಡು ವರ್ಷ ಅವನಿಗೇ ಎಂದಿದ್ದರು.

ತಿಂಗಳಿಡೀ ನೆತ್ತಿಯ ಚಳಿಯಲ್ಲಿ ಹಕ್ಕಿ ಎಣಿಸಿದ ಇಕೋಮೆ, ಡಾಕ್ಟರ್ ಕಾಯಿ ನೋಡಲು ಬರುವ ದಿನ ಬೆಳಿಗ್ಗೆ ಕೆಳಗಿಳಿದ. ನೆರೆಮನೆಯ ಮುದುಕಿ ಇಯಾ ಎನಂಗ ನಿಧಾನವಾಗಿ ಚೀಲ ಬಿಚ್ಚುತ್ತಿದ್ದಳು. ಸೂರಕ್ಕಿಗಳು ಕಾದು ಕೂತಿದ್ದವು.

"ಅಯ್ಯೋ ಇಯಾ! ಏನ್ಮಾಡ್ತಿದೀರಿ?"

"ದಿನಾ ಮಾಡೋದೇ ಕಣೋ. ತೋಟಕ್ಕೆ ಹೋಗ್ತಾ ಬಿಚ್ತೀನಿ, ಸಂಜೆ ಬರ್ತಾ ಕಟ್ತೀನಿ. ಬೆಟ್ಟಕ್ಕೆ ಬಂದೋರೆಲ್ಲ ಹೊಟ್ಟೆ ತುಂಬ ತಿನ್ಲಿ ಅಂತ ಬೆಟ್ಟದ ದೇವ್ರು ಎಫಾಸಾ ಮೋಟೋನೇ ಬಿಟ್ಟಿದಾನೆ. ಹಕ್ಕಿ ಬಾಯಿಗೆ ಅಡ್ಡ ಬರೋಕೆ ನೀನ್ಯಾರೋ?"

ಗೊಂಚಲುಗಳ ತುಂಬ ಕಾಯಿ. ಇದನ್ನು ಕಂಡರೆ ಚೀಲ ಬಿಚ್ಚಿದ್ದು ಡಾಕ್ಟರಿಗೆ ತಿಳಿದುಬಿಡುತ್ತದೆ, ಇಕೋಮೆಯ ಕೆಲಸ ಹೋಗುತ್ತದೆ. ಅಷ್ಟರಲ್ಲಿ ಬೇಟೆಗಾರ ಮೋಲಾ ಎಂಜಿಯೆ ಬಂದು, ಯಾರೂ ಕೇಳದಿದ್ದರೂ ಸಲಹೆ ಕೊಟ್ಟ.

"ಕಾಯಿ ಕಿತ್ತು ಊರಿಗೆ ಒಯ್ದು ಬಿಸಾಕು."

"ಬೆಟ್ಟದ್ದನ್ನ ಕೆಳಗೆ ಒಯ್ದೋನು ದಾರಿ ತಪ್ಪಿ ಸಾಯ್ತಾನೆ" ಎಂದಳು ಇಯಾ. "ಇಲ್ಲೇ ಕೂತು ತಿನ್ನಿ. ಅದಕ್ಕೆ ಬೇಡ ಅನ್ನೋರಿಲ್ಲ."

ಅಲ್ಲೇ ಎಸೆದರೆ ಡಾಕ್ಟರ ಕಣ್ಣಿಗೆ ಬೀಳುತ್ತದೆ. ಸರಿ, ತಿನ್ನಲು ಕೂತರು. ಎಂಜಿಯೆ ಒಂದು ಕಾಯಿ ಅಗಿದ. ಮನೆಯಲ್ಲಿ ತುರ್ತು ಕೆಲಸವಿರುವುದು ನೆನಪಾಗಿ ಹೊರಟೇಹೋದ. ಇಕೋಮೆ ಕಣ್ಣೀರು ಸುರಿಸುತ್ತ ಒಂಬತ್ತು ಗೊಂಚಲು ಮುಗಿಸಿದ. ಇಯಾ ಚೀಲಗಳನ್ನು ಅಚ್ಚುಕಟ್ಟಾಗಿ ಕಟ್ಟಿ ಮುಗಿಸುವಷ್ಟರಲ್ಲಿ ಡಾಕ್ಟರ್ ಬಂದೇಬಿಟ್ಟರು.

ಒಂದೊಂದೇ ಚೀಲ ತೆರೆದು ನೋಡಿದರು. ಮೂವತ್ತೊಂದು ಗೊಂಚಲಲ್ಲಿ ಕಾಯಿ.

"ಯಾರಾದ್ರೂ ಬಿಚ್ಚಿದ್ರಾ?"

ಕಹಿಗೆ ನಾಲಿಗೆ ಸತ್ತಿದ್ದ ಇಕೋಮೆ ಇಲ್ಲವೆಂದು ತಲೆಯಾಡಿಸಿದ. ಡಾಕ್ಟರ್ ಅವನನ್ನು ತಬ್ಬಿಕೊಂಡರು.

"ಈ ಹೂವಿಗೆ ಹಕ್ಕಿನೇ ಬೇಡ ಕಣಯ್ಯಾ! ಎಂಥಾ ಹೊಸ ವಿಷಯ! ನಾಳೆಯಿಂದ ನೀನು ಮನೇಲಿ ಆರಾಮಾಗಿರು."

"ಅಂದ್ರೆ?"

"ಹಕ್ಕಿನೇ ಬೇಡದ ಹೂವಿಗೆ ಹಕ್ಕಿ ಎಣಿಸೋನು ಯಾಕಪ್ಪಾ?"

ಇಕೋಮೆಯ ನಾಲಿಗೆಗೆ ತಟ್ಟನೆ ಜೀವ ಬಂತು. "ಡಾಕ್ಟರಮ್ಮಾ, ಸುಳ್ಳು ಹೇಳ್ದೆ! ಇಯಾ ದಿನಾ ಬಿಚ್ತಿದ್ರು!"

"ಹೌದಮ್ಮಾ, ನಾನೇ ಬಿಚ್ಚಿದ್ದು" ಎಂದಳು ಇಯಾ.

ಡಾಕ್ಟರ ಕಣ್ಣು ತೇವವಾಯಿತು. "ನೋಡು ಇಕೋಮೆ, ನಿನ್ನ ಕೆಲಸ ಉಳಿಸೋಕೆ ಪಾಪ ಈ ಮುದುಕಿ ಸುಳ್ಳು ಹೇಳೋಕೂ ತಯಾರು. ಇಂಥ ನೆರೆಹೊರೆ ಪುಣ್ಯ ಮಾಡಿದೋರಿಗೆ ಸಿಗೋದು" ಎಂದು ಕಾಯಿಗಳ ಫೋಟೋ ತೆಗೆಯತೊಡಗಿದರು.